ಸೇವೆಮಾಡುವ ಕೈಗಳ ರಕ್ಷಣೆ

ರೋಗಿಯನ್ನು ಕಾಪಾಡತಕ್ಕವರು ಯಾರೆಂದು ಕೇಳಿದರೆ, ವೈದ್ಯರೂ ದಾದಿಯರೂ ಎಂದು ಚಿಕ್ಕ ಮಕ್ಕಳು ಸಹ ಉತ್ತರ ಕೊಡುವರು. ಆದರೆ ಆ ದಾದಿಯನ್ನು ಕಾಪಾಡತಕ್ಕವರು ಯಾರು? ಈ ಪ್ರಶ್ನೆಯು ನಮಗೆ ಸಾಮಾನ್ಯವಾಗಿ ಹೊಳೆಯುವುದೇ ಇಲ್ಲ. ಸೇವೆಯೆಂದರೆ ತನ್ನನ್ನು ತಾನು ಮರೆಯುವುದೆಂದು ಎಳವೆಯಿಂದಲೂ ಕೇಳಿದ್ದೇವೆ. ಇದು ಸತ್ಯವೇ, ಆದರೂ ಮರೆಯತಕ್ಕದ್ದು ಸ್ವಾರ್ಥವನ್ನೇ ಹೊರತು ಸ್ವಂತ ಆರೋಗ್ಯವನ್ನಲ್ಲ. ನಮ್ಮ ಬಾಲೆಯರಲ್ಲಿ ಕೆಲವರು ಮುಂದೆ ಈ ವೃತ್ತಿಯನ್ನು ಕೈಕೊಳ್ಳಬಹುದಾದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಚಾರಿಸುವೆವು.

ಅಮೇರಿಕಾ ದೇಶದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು 1889ನೆಯ ಇಸವಿಯಲ್ಲಿ ತೆರೆಯಲ್ಪಟ್ಟಿತು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರ ಕೋಣೆಯಲ್ಲಿ ಕೆರೊಲಿನ್ ಹ್ಯಾಂಪ್ಟನ್ ಎಂಬವರು ಮುಖ್ಯ ದಾದಿಯಾಗಿದ್ದರು. ರೋಗಾಣುಗಳ ನಾಶಕ್ಕಾಗಿ ಪಾದರಸದ ಕ್ಲೋರೈಡ್ ಎಂಬ ತೀಕ್ಷ್ಣ ವಿಷವನ್ನು ಕರಗಿಸಿದ ನೀರಿನಲ್ಲಿ ಕೈಯದ್ದುವ ಪದ್ಧತಿಯು ಆಗ ಇತ್ತು. ಇದರಿಂದ ಅವರ ಕೈಗಳ ಚರ್ಮವು ಉರಿದು ಕೆಟ್ಟಿತು. ಕೆಲಸವನ್ನೇ ಬಿಡಬೇಕಾದ ಸ್ಥಿತಿ ಬಂದಿತು. ಅದನ್ನು ಕಂಡ ಹಾಲ್‌ಸ್ಟೆಡ್‌ರವರು ಗುಡ್‌ಇಯರ್ ರಬ್ಬರ್ ಕಂಪೆನಿಯವರಿಂದ ತೆಳುವಾದ ರಬ್ಬರಿನ ಎರಡು ಜೊತೆ ಕೈಗವಸುಗಳನ್ನು ಮಾಡಿಸಿದರು. ದಾದಿಯ ಕೈ ಗುಣವಾಯಿತು. ಕ್ರಮೇಣ ಸಹಾಯಕರೂ ವೈದ್ಯರೂ ಅವನ್ನು ಧರಿಸತೊಡಗಿದರು.

ಇದರಿಂದ ಯಾರೂ ನಿರೀಕ್ಷಿಸದ ಫಲವೊಂದು ದೊರೆಯಿತು. ಅದೇ ಆಸ್ಪತ್ರೆಯ ಜೋಸೆಫ್ ಬ್ಲಡ್‌ಗುಡ್ ಎಂಬ ವೈದ್ಯರು, ಕರುಳಿಳಿಯುವ ರೋಗಕ್ಕೆ ಮಾಡಿದ ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು 1899ರಲ್ಲಿ ಪ್ರಕಟಿಸಿದರು. ಬರಿಗೈಯಿಂದ ಚಿಕಿತ್ಸೆ ನಡೆದಾಗ ನೂರಕ್ಕೆ ಸುಮಾರು 17 ರೋಗಿಗಳ ಗಾಯವು ಕೀವಾಗುತ್ತಿತ್ತು. ಕೈಗವಸು ತೊಟ್ಟ ಬಳಿಕ ಅದು ನೂರಕ್ಕೆ 2ಕ್ಕಿಂತಲೂ ಕಡಿಮೆಯಾಯಿತು. ದಾದಿಗಾಗಿ ಮಾಡಿಸಿದ್ದು ರೋಗಿಯ ಪ್ರಾಣವನ್ನೂ ಉಳಿಸಿತು. ಇಬ್ಬರ ಕ್ಷೇಮವೂ ಒಂದೇ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕೆ?

ಇಂದಿನ ದಾದಿಗೆ ಆ ಪಾದರಸದ ಭಯವಿಲ್ಲ, ಸೂಜಿಯ ಭಯವುಂಟು. ರೋಗಿಗೆ ಚುಚ್ಚಿದ ಸೂಜಿಯು ತನ್ನ ಕೈಗೆ ಚುಚ್ಚಿತೆನ್ನೋಣ. ಆ ರಕ್ತದಲ್ಲಿ ಹೆಪಟೈಟಿಸ್-ಬಿ ಎಂಬ ಯಕೃತ್ತಿನ ರೋಗದ ವಿಷಾಣುವಿದ್ದರೆ, ಲಸಿಕೆ ಪಡೆಯದ ನೂರು ಮಂದಿಯಲ್ಲಿ 30 ಮಂದಿಯವರೆಗೆ ಅದು ಅಂಟಬಹುದು; ಎಚ್‌ಐವಿಯಾದರೋ ಸಾವಿರದಲ್ಲಿ ಸುಮಾರು 3 ಮಂದಿಗೆ. ಉಪಾಯವು ಕಠಿನವಲ್ಲ. ಹೆಪಟೈಟಿಸ್-ಬಿ ಲಸಿಕೆಯನ್ನು ಮೂರು ಸಲ ಹಾಕಿಸಿಕೊಳ್ಳತಕ್ಕದ್ದು. ಬಳಸಿದ ಸೂಜಿಗೆ ಮರಳಿ ಮುಚ್ಚಳ ತೊಡಿಸದೆ, ತೂತಾಗದ ಗಟ್ಟಿ ಡಬ್ಬಿಯಲ್ಲಿ ಕೂಡಲೇ ಹಾಕತಕ್ಕದ್ದು. ಚುಚ್ಚಿದ್ದೇ ಆದರೆ ಗಾಯವನ್ನು ಹಿಂಡದೆ, ಬಾಯಿಗಿಡದೆ, ಸಾಬೂನು ನೀರಿನಿಂದ ತೊಳೆದು ಮೇಲಿನವರಿಗೆ ತಿಳಿಸತಕ್ಕದ್ದು. ಎಚ್‌ಐವಿಯನ್ನು ತಡೆಯುವ ಔಷಧವು ಆದಷ್ಟು ಬೇಗನೆ, 72 ಗಂಟೆಗಳೊಳಗಾಗಿ, ಪ್ರಾರಂಭವಾಗಬೇಕು. ಬೈದಾರೆಂಬ ಅಂಜಿಕೆಯಿಂದ ಮುಚ್ಚಿಟ್ಟರೆ ಆ ಸಮಯವು ಕಳೆದುಹೋಗುವುದು.

ರೋಗದ ಹೆಸರು ತಿಳಿದ ಮೇಲೆ ಎಚ್ಚರವಾಗುವೆವೆಂದರೆ ಕೆಲವೊಮ್ಮೆ ತಡವಾದೀತು. 2018ನೆಯ ಇಸವಿಯ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರ ತಾಲೂಕು ಆಸ್ಪತ್ರೆಗೆ ಜ್ವರಪೀಡಿತನಾದ ಯುವಕನೊಬ್ಬನು ಬಂದನು. ಅದು ನಿಪಾ ಎಂಬ ಘೋರ ರೋಗವೆಂದು ಆಗ ಯಾರೂ ಅರಿತಿರಲಿಲ್ಲ. ಆತನನ್ನು ಉಪಚರಿಸಿದ ದಾದಿ ಲಿನಿಯವರು ಅದೇ ರೋಗದಿಂದ ಮೇ 21ರಂದು, ಇಬ್ಬರು ಚಿಕ್ಕ ಮಕ್ಕಳನ್ನು ಬಿಟ್ಟು, ಮೃತರಾದರು. ಆದುದರಿಂದಲೇ ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಬಳಿಕವೂ ಕೈತೊಳೆಯುವುದು, ರಕ್ತ ಮುಂತಾದುವನ್ನು ಮುಟ್ಟುವಾಗ ಕೈಗವಸು ತೊಡುವುದು, ಕೆಮ್ಮುವವರ ಬಳಿಯಲ್ಲಿ ಮೂಗುಬಾಯಿಗಳನ್ನು ಮುಚ್ಚಿಕೊಳ್ಳುವುದು ನಿತ್ಯದ ನಿಯಮವಾಗಬೇಕು.

ಆದರೆ ಈ ಭಾರವನ್ನೆಲ್ಲ ದಾದಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕೈಗವಸುಗಳಿಲ್ಲದ ಕಡೆ ಎಚ್ಚರಿಕೆಯ ಮಾತಿನಿಂದೇನು ಪ್ರಯೋಜನ? ಕಸದಬುಟ್ಟಿಗೆ ಎಸೆದ ಸೂಜಿಯು ಮರುದಿನ ನೆಲ ಗುಡಿಸುವ ಆಯಾಳ ಕೈಯನ್ನು ಚುಚ್ಚುವುದು. ಆಸ್ಪತ್ರೆಯ ಕಸವನ್ನು ಮುಟ್ಟುವವರೆಲ್ಲರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯುವಿನ ಲಸಿಕೆಗಳನ್ನು ಕೊಡಿಸುವುದು ಆಸ್ಪತ್ರೆಯವರ ಕರ್ತವ್ಯವೆಂದು ನಮ್ಮ ದೇಶದ 2016ರ ನಿಯಮಗಳು ವಿಧಿಸಿವೆ.

ಬಾಲೆಯರೇ, ನಿಮ್ಮಲ್ಲಿ ಯಾರಾದರೂ ಮುಂದೆ ಆ ಬಿಳಿಯ ಉಡುಪನ್ನು ತೊಟ್ಟಾಗ, ಕೈಗವಸನ್ನೋ ಲಸಿಕೆಯನ್ನೋ ಕೇಳಲು ಸಂಕೋಚಪಡಬೇಡಿರಿ. ಅದು ನಿಮಗಾಗಿ ಮಾತ್ರವಲ್ಲ. ನಾಳೆ ನಿಮ್ಮ ಕೈಯನ್ನು ನಂಬಿ ಮಲಗುವ ರೋಗಿಗಾಗಿಯೂ ಕೇಳಿದಂತೆ.