ಮೋಟಾರು ಸೈಕಲ್ಲಿಗೆ ಎಷ್ಟು ಬುತ್ತಿ?

ಜೋಳದ ಸೀಮೆಯವರು ದೂರದ ಊರಿಗೆ ಹೊರಡುವಾಗ ಹಾದಿಯನ್ನು ಅಳೆದೇ ಬುತ್ತಿ ಕಟ್ಟುತ್ತಾರೆ. ಮೋಟಾರು ಸೈಕಲ್ಲಿನ ಬುತ್ತಿಯೆಂದರೆ ಪೆಟ್ರೋಲು. ಅಫಜಲಪುರ ತಾಲ್ಲೂಕಿನ ಅತನೂರಿನಿಂದ ಕಲಬುರಗಿಗೆ ಹೋಗುವವನಿಗೆ ಇದರ ಎಣಿಕೆ ಅಷ್ಟಾಗಿ ಬೇಕಿಲ್ಲ. ಆದರೆ ಅದೇ ಸವಾರನು ಮನಾಲಿಯ ಮಾರ್ಗವಾಗಿ ಲೇಹ್ ನಗರಕ್ಕೆ ಹೊರಟನೆನ್ನೋಣ. ಮುಂದಿನ ಬಂಕು 365 ಕಿಲೋಮೀಟರು ದೂರದಲ್ಲಿದೆಯೆಂದು ಸಾರುವ ಫಲಕದಿಂದಲೇ ಲಾಹೌಲ್ ಕಣಿವೆಯ ತಾಂಡಿ ಪ್ರವಾಸಿಗರಲ್ಲಿ ಹೆಸರಾಯಿತು. ಅಂತಹ ಶೀತಮರುಭೂಮಿಯಲ್ಲಿ ಬಂಡಿ ನಿಂತರೆ ಇರುಳಿನ ಚಳಿಯೇ ಪ್ರಾಣಕ್ಕೆ ಎರವಾಗಬಹುದು.

ಒಂದು ಲೀಟರು ಎಷ್ಟು ದೂರ ಒಯ್ಯುವುದೆಂಬುದನ್ನು ಊರಿನಲ್ಲಿಯೇ ಅಳೆಯಬೇಕು. ಟ್ಯಾಂಕನ್ನು ತುಂಬಿಸಿ, ಪ್ರಯಾಣದ ಹೊರೆಯನ್ನೆಲ್ಲ ಹೇರಿ, 220 ಕಿಲೋಮೀಟರು ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದಾಗ 4 ಲೀಟರು ಹಿಡಿದರೆ, ಲೀಟರಿಗೆ 55 ಕಿಲೋಮೀಟರು ಎಂದಾಯಿತು. ಹಳೆಯ ಲೆಕ್ಕವನ್ನು ನಂಬಲಾಗದು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯತೊಡಗಿತು. ಕಬ್ಬಿನಿಂದಲೂ ದೊರೆಯುವ ಈ ದ್ರವವು, ಸಮಪ್ರಮಾಣದ ಪೆಟ್ರೋಲು ಕೊಡುವ ಶಾಖದ ಮೂರರಲ್ಲಿ ಎರಡು ಪಾಲನ್ನಷ್ಟೇ ಕೊಡುತ್ತದೆ.

ಬೆಟ್ಟದ ದಾರಿ ಇನ್ನಷ್ಟು ಸುಂಕ ಕೇಳುತ್ತದೆ. ಸವಾರ, ಬಂಡಿ, ಹೊರೆ ಸೇರಿ 250 ಕಿಲೋಗ್ರಾಂ ತೂಕವನ್ನು 1,000 ಮೀಟರು ಮೇಲೇರಿಸಲು, ಎಂಜಿನು ಶಾಖದ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸುವುದೆಂದು ಹಿಡಿದರೆ, ಸುಮಾರು 300 ಮಿಲಿಲೀಟರು ಪೆಟ್ರೋಲು ಹೆಚ್ಚಾಗಿ ಬೇಕು. ಇಳಿಯುವಾಗ ಅದು ಟ್ಯಾಂಕಿಗೆ ಮರಳಿ ಬಾರದು. 5,328 ಮೀಟರು ಎತ್ತರದ ತಂಗ್‌ಲಂಗ್ ಕಣಿವೆಮಾರ್ಗದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅಲ್ಲಿ ಹಳೆಯ ಬಗೆಯ ಕಾರ್ಬ್ಯುರೇಟರು ಗಾಳಿಗೆ ಮಿಗಿಲಾದ ಪೆಟ್ರೋಲನ್ನು ಉಣಿಸಿ ವ್ಯರ್ಥಮಾಡುತ್ತದೆ. ಆದುದರಿಂದ 55ರಲ್ಲಿ ಕಾಲುಭಾಗ ಕಳೆದು, ಲೀಟರಿಗೆ 41 ಕಿಲೋಮೀಟರು ಎಂದು ಹಿಡಿಯೋಣ.

ಈಗ 365 ಕಿಲೋಮೀಟರಿಗೆ ಸುಮಾರು 9 ಲೀಟರು ಬೇಕು. ಗಾಳಿ, ಕೆಸರು, ಬಳಸುದಾರಿಗಳಿಗೆಂದು 2 ಲೀಟರು ಮೀಸಲಿಟ್ಟರೆ 11 ಆಯಿತು. ಟ್ಯಾಂಕು 10 ಲೀಟರಿನದಾದರೆ ಇನ್ನೊಂದು ಲೀಟರನ್ನು ಬಿಗಿಮುಚ್ಚಳದ ಲೋಹದ ಡಬ್ಬಿಯಲ್ಲಿ ಒಯ್ಯಬೇಕು. 30 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಪೆಟ್ರೋಲು ಶೇಕಡ 3ರಷ್ಟು ಹಿಗ್ಗುವುದರಿಂದ ಡಬ್ಬಿಯನ್ನು ಕಂಠದವರೆಗೆ ತುಂಬಬಾರದು. ಕಾದ ಎಂಜಿನಿನ ಬಳಿ ತೆರೆಯಲೂಬಾರದು.

ಇಷ್ಟಾದರೂ ಒಂದು ಎಣಿಕೆ ಉಳಿಯಿತು. ಗುಡ್ಡ ಕುಸಿದು ದಾರಿ ಮುಚ್ಚಿದರೆ ಹಿಂದಿರುಗಬೇಕಷ್ಟೆ? ಮೀಸಲನ್ನು ಮುಟ್ಟದೆ 9 ಲೀಟರಿನಲ್ಲಿ ಹೋಗಿ ಬರಲಾಗುವುದು ಸುಮಾರು 185 ಕಿಲೋಮೀಟರಿನವರೆಗೆ ಮಾತ್ರ. ಅದನ್ನು ದಾಟಿದ ಮೇಲೆ ಹಿಂದಿನ ಬಂಕಿಗಿಂತ ಮುಂದಿನದೇ ಹತ್ತಿರ. ಆದುದರಿಂದ ಆ ಗಡಿಯನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿ, ಅಲ್ಲಿಗೆ ಮುಟ್ಟುವ ಮುನ್ನ ಎದುರಿನಿಂದ ಬರುವ ಲಾರಿಯವರನ್ನು ನಿಲ್ಲಿಸಿ ಮುಂದಿನ ದಾರಿಯ ಸ್ಥಿತಿಯನ್ನು ಕೇಳುವುದು ಲೇಸು.