ಓಕ್ ಸಸಿಯೂ ಅದರ ತಾಯಿಬೇರೂ

ಸಸ್ಯಶಾಸ್ತ್ರಜ್ಞರು ಕ್ವೆರ್ಕಸ್ ರೋಬರ್ ಎಂದು ಹೆಸರಿಸಿರುವ ಇಂಗ್ಲಿಷ್ ಓಕ್, ಬ್ರಿಟನ್ನಿನಲ್ಲಿಯೂ ಯುರೋಪಿನ ಬಹುಭಾಗದಲ್ಲಿಯೂ ಸಹಜವಾಗಿ ಬೆಳೆದು ಹಲವು ಶತಮಾನ ಬಾಳುವ ಮರ. ಪುಟ್ಟ ಬಟ್ಟಲಿನಂಥ ತೊಟ್ಟಿನಲ್ಲಿ ಕೂತಿರುವ ಅದರ ಕಾಯಿಗೆ ಏಕಾರ್ನ್ ಎಂದು ಹೆಸರು. ಕರ್ನಾಟಕದ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್‌ಗೂ ಇದಕ್ಕೂ ಹೆಸರಿನ ನಂಟು ಮಾತ್ರ; ಅದು ಆಸ್ಟ್ರೇಲಿಯಾದಿಂದ ಬಂದ, ಬೇರೆಯೇ ಕುಟುಂಬಕ್ಕೆ ಸೇರಿದ ಮರ.

ರಾಗಿ, ಭತ್ತ, ಅವರೆಗಳ ಬೀಜವನ್ನು ಚೆನ್ನಾಗಿ ಒಣಗಿಸಿದರೆ ಮುಂದಿನ ಬಿತ್ತನೆಯವರೆಗೆ ಕೆಡದೆ ಇರುತ್ತದೆ. ಏಕಾರ್ನ್ ಆದರೋ ಹಲಸಿನ ಬೀಜದಂತೆ, ಒಳಗಿನ ತೇವ ಆರಿತೆಂದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಉದುರುವ ಕಾಯಿಗಳನ್ನು ಆಗಿಂದಾಗಲೇ ಆರಿಸಿ, ನೀರಿಗೆ ಹಾಕಿ, ಮುಳುಗಿದವನ್ನು ಮಾತ್ರ ಬಿತ್ತುವುದು ರೂಢಿ. ತೇಲುವವುಗಳಲ್ಲಿ ಹೆಚ್ಚಿನವು ಒಣಗಿದವು, ಇಲ್ಲವೇ ಮೂತಿಹುಳುವಿನ ಮರಿ ಒಳತಿರುಳನ್ನು ತಿಂದು ಟೊಳ್ಳಾದವು. ಸಿಪ್ಪೆಯ ಮೇಲಿನ ದುಂಡನೆಯ ತೂತು ಆ ಮರಿ ಹೊರಬಿದ್ದ ದಾರಿ.

ಈ ಬೀಜದಲ್ಲಿ ಬೇರು ಮತ್ತು ಚಿಗುರು ಒಟ್ಟಿಗೆ ಹೊರಡುವುದಿಲ್ಲ ಎಂಬುದೇ ಇದರ ವೈಶಿಷ್ಟ್ಯ. ತಾಯಿಬೇರು, ಅಂದರೆ ನೇರವಾಗಿ ಕೆಳಗಿಳಿಯುವ ಮೊದಲ ಬೇರು, ಶರತ್ಕಾಲದಲ್ಲಿಯೇ ಮೂಡುತ್ತದೆ; ಚಿಗುರು ಕಾಣುವುದು ಚಳಿ ಕಳೆದ ವಸಂತದಲ್ಲಿ. ನಡುವಿನ ತಿಂಗಳುಗಳಲ್ಲಿ ಕುಂಡದ ಮೇಲೆ ಏನೂ ಕಾಣದಿದ್ದರೂ ಬೀಜ ಸತ್ತಿತೆಂದು ಕೆದಕಿ ನೋಡಿದರೆ ಎಳೆಯ ಬೇರು ಮುರಿಯುತ್ತದೆ. ಅವರೆಯ ಬೇಳೆಗೆ ಸಮಾನವಾದ ಬೀಜದಳಗಳು ಇಲ್ಲಿ ಮಣ್ಣಿನೊಳಗೆ, ಸಿಪ್ಪೆಯಲ್ಲಿಯೇ ಉಳಿದು, ಎಲೆಗಳು ಬಲಿಯುವವರೆಗೆ ಸಸಿಗೆ ಆಹಾರ ಒದಗಿಸುತ್ತವೆ.

ಕುಂಡ ಅಗಲವಾಗಿರುವುದಕ್ಕಿಂತ ಆಳವಾಗಿರಬೇಕು ಎನ್ನುವುದು ತಾಯಿಬೇರು ಹೀಗೆ ಮೊದಲೇ ಕೆಳಗಿಳಿಯುವುದರಿಂದ. ಕನಿಷ್ಠ 20ರಿಂದ 30 ಸೆಂಟಿಮೀಟರ್ ಆಳವೂ ನೀರು ಬಸಿಯಲು ತೂತುಗಳೂ ಇರುವ ಕುಂಡದಲ್ಲಿ ಕಾಯಿಯನ್ನು ಅಡ್ಡಲಾಗಿ ಮಲಗಿಸಿ, ಎರಡು ಮೂರು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಆಳ ಸಾಲದ ಕುಂಡದಲ್ಲಿ ತಾಯಿಬೇರು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ. ನೆಲಕ್ಕೆ ನೆಟ್ಟ ಮೇಲೂ ಆ ಸುರುಳಿ ಬಿಚ್ಚಿಕೊಳ್ಳದೆ ಬಲಿತು, ಮರವನ್ನು ತಾನೇ ಬಿಗಿಯುತ್ತದೆ. ಕುಂಡವನ್ನು ಚಳಿಗೆ ಹೆದರಿ ಮನೆಯೊಳಗೆ ಇಡಬೇಕಾಗಿಲ್ಲ, ಆದರೆ ಮೇಲೊಂದು ತಂತಿಬಲೆ ಅವಶ್ಯ. ಜೇ ಹಕ್ಕಿಯೂ ಅಳಿಲೂ ಚಳಿಗಾಲದ ಬುತ್ತಿಗೆಂದು ಏಕಾರ್ನ್‌ಗಳನ್ನು ಹೊತ್ತೊಯ್ದು ಹೂತಿಡುತ್ತವೆ; ಕಾಡಿನಲ್ಲಿ ಹಕ್ಕಿ ಹೂತು ತಿನ್ನದೆ ಬಿಟ್ಟ ಕಾಯಿಗಳಿಂದಲೇ ಎಷ್ಟೋ ಓಕ್‌ಗಳು ಹುಟ್ಟುತ್ತವೆ.

ಸಸಿಯನ್ನು ಒಂದೆರಡು ವರ್ಷದೊಳಗೆ, ಎಲೆ ಉದುರಿ ನಿದ್ರಿಸುವ ನವೆಂಬರ್–ಮಾರ್ಚ್ ಅವಧಿಯಲ್ಲಿ, ನೆಲಕ್ಕೆ ಇಳಿಸಬೇಕು. ಬೆಳೆದ ಓಕ್ 20 ಮೀಟರ್ ಮೀರುವುದರಿಂದ ಮನೆಯ ಗೋಡೆಯ ಬದಿ ಅದಕ್ಕೆ ತಕ್ಕ ಜಾಗವಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಿಗಾದರೂ ಇದನ್ನು ಬೆಳೆಸುವ ಮನಸ್ಸಿದ್ದರೆ, ಕಾಯಿಯನ್ನು ಕುಂಡಕ್ಕೆ ಹಾಕುವ ಮೊದಲೇ ಮರ ನಿಲ್ಲಬೇಕಾದ ನೆಲವನ್ನು ಗೊತ್ತುಮಾಡಿಕೊಳ್ಳಲಿ.