ಸಗಣಿ ಬಾಚಿದ ಕೈ, ಚಿತ್ರ ಬರೆದ ಕೈ

ಮೈಸೂರಿನ ರಾಜೀವನಗರದಂಥ ಬಡಾವಣೆಯಲ್ಲಿ ಒಂದು ಸುತ್ತು ಬನ್ನಿ. ದರ್ಜಿಯ ಕಾಲಡಿ ಬಿದ್ದ ಚಿಂದಿ, ಗುಜರಿ ಅಂಗಡಿಯ ತಗಡು, ಹರಿದ ಟಾರ್ಪಾಲು. ಇವನ್ನೇ ಕಲಾವಿದನೊಬ್ಬ ಹಲಗೆಗೆ ಅಂಟಿಸಿದರೆ ‘ಮಿಶ್ರ ಮಾಧ್ಯಮ’ ಅಂತೀವಿ. ಇಲ್ಲದವರು ಸೂರಿಗೆ ಹೊದಿಸಿಕೊಂಡರೆ ‘ಜೋಪಡಿ’ ಅಂತೀವಿ. ವಸ್ತು ಒಂದೇ, ಹೆಸರು ಎರಡು. ಈ ಅಂತರವನ್ನು ದಲಿತ ವಿಮರ್ಶೆ ಅಳೆಯದೆ ಇನ್ಯಾರು ಅಳೆಯಬೇಕು?

ಮಿಶ್ರ ಮಾಧ್ಯಮವೆಂದರೆ ಒಂದೇ ಕೃತಿಯಲ್ಲಿ ಬಣ್ಣದ ಜೊತೆ ಕಾಗದ, ಬಟ್ಟೆ, ಮರ, ಲೋಹಗಳನ್ನು ಕೂಡಿಸುವುದು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಮುದ್ರಿಸಿದ್ದ ಮೇಣಗಪ್ಪಡವನ್ನು ಚಿತ್ರಕ್ಕೆ ಅಂಟಿಸಿದ್ದು ದೊಡ್ಡ ಘಟನೆ ಅಂತ ಓದುತ್ತೇವೆ. ಹಾಗಾದರೆ ಬೀಟೆ ಮರದಲ್ಲಿ ಗುಳಿ ಕೊರೆದು ಬಣ್ಣಬಣ್ಣದ ಮರದ ಚೂರು, ದಂತ ಕೂರಿಸುತ್ತ ಬಂದ ಮೈಸೂರಿನ ಕೆತ್ತನೆಯವರು ಮಾಡಿದ್ದೇನು? ಅದು ‘ಕಸುಬು’. ಹಿಂದೆ ಮಾಡಿದವರ ಹೆಸರಿಲ್ಲ, ಊರಿನ ಹೆಸರು ಮಾತ್ರ ಇದೆ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದ ಮೊದಲಲ್ಲಿ, ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದಾಗ, ತೈಲವರ್ಣದಿಂದ ಸಗಣಿಯ ಕಡೆ ತಿರುಗಿದರು. ಮುಂದೆ 1998ರ ಕೃತಿಯೊಂದರಲ್ಲಿ ಸೂಜಿಗಳಿಗೆ ನೂಲು ಪೋಣಿಸಿ, ಎಳೆಗಳನ್ನು ಕುಂಕುಮ ಮತ್ತು ಅಂಟಿನಿಂದ ಕೂಡಿಸಿ ಉದ್ದನೆಯ ಕೆಂಪು ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳು ಹಾಗೇ ತೂಗುತ್ತವೆ. ಹೆಣ್ಣಿನ ದುಡಿಮೆ, ಅದರ ನೋವು ಎರಡೂ ಅಲ್ಲಿ ಕಣ್ಣಿಗೆ ಬೀಳುತ್ತವೆ. ಇದು ದೊಡ್ಡ ಕೆಲಸ, ಅನುಮಾನವಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ನಮ್ಮಲ್ಲಿ ಸಗಣಿ ಪವಿತ್ರ, ಕೊಟ್ಟಿಗೆ ಬಾಚಿದ ಹೊಲೆಯರ ಕೈ ಮೈಲಿಗೆ. 1973ರಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಕೊಟ್ಟಿಗೆಯ ಆ ಒಂದು ಮಾತು ಸಭೆಗೆ ಬಂದದ್ದಕ್ಕೆ ಬೀದಿ ಹೊತ್ತಿ ಉರಿಯಿತು. ಅವರು ಸಚಿವ ಸ್ಥಾನ ಬಿಡಬೇಕಾಯಿತು. ಇಪ್ಪತ್ತು ವರ್ಷದ ಮೇಲೆ ಕೊಟ್ಟಿಗೆಯ ಸಗಣಿ ಗ್ಯಾಲರಿಗೆ ಬಂದಾಗ ಮನ್ನಣೆ ಸಿಕ್ಕಿತು. ಇದು ಕಲಾವಿದೆಯ ತಪ್ಪಲ್ಲ. ತಂದವರು ಯಾರು ಅಂತ ನೋಡಿ ಬೆಲೆ ಕಟ್ಟುವ ನಮ್ಮ ಕಣ್ಣಿನ ದೋಷ.

ಹಾಗಂತ ಸಗಣಿ ಮುಟ್ಟುವ ಹಕ್ಕು ದಲಿತರಿಗೆ ಮಾತ್ರ ಅನ್ನೋಣವೆ? ಅದು ಜಾತಿ ಹೇಳಿದ ಮಾತೇ ಆದೀತು. ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ 1972ರಲ್ಲೇ ಅಮೆರಿಕದ ಕಪ್ಪು ಕಲಾವಿದೆ ಬೆಟಿ ಸಾರ್ ಒಂದು ದಾರಿ ತೋರಿಸಿದರು. ಕಪ್ಪು ಅಡುಗೆಯಾಳನ್ನು ಅಣಕಿಸುವ ಅಂಗಡಿ ಗೊಂಬೆಯನ್ನು ಪೆಟ್ಟಿಗೆಯೊಳಗೆ ನಿಲ್ಲಿಸಿ, ಒಂದು ಕೈಗೆ ಪೊರಕೆ, ಇನ್ನೊಂದಕ್ಕೆ ಬಂದೂಕು ಕೊಟ್ಟರು. ಅವಮಾನದ ವಸ್ತುವೇ ಎದುರು ಮಾತಾಡಿತು.

ಆದ್ದರಿಂದ ಮಿಶ್ರ ಮಾಧ್ಯಮದ ಕೃತಿಯ ಮುಂದೆ ನಿಂತಾಗ ಮೂರು ಮಾತು ಕೇಳೋಣ. ಈ ವಸ್ತುವನ್ನು ಮೊದಲು ಮುಟ್ಟಿದವರು ಯಾರು? ಅವರ ದುಡಿಮೆ ಕೃತಿಯಲ್ಲಿ ಕಾಣುತ್ತದೆಯೆ, ಅಲಂಕಾರದಲ್ಲಿ ಮುಚ್ಚಿಹೋಗಿದೆಯೆ? ಅವರ ಮಕ್ಕಳು ಇದೇ ಗೋಡೆಯ ಮೇಲೆ ತಮ್ಮ ಚಿತ್ರ ತೂಗಿಸಬಹುದೆ?

ಮೂರನೆಯದಕ್ಕೆ ಉತ್ತರ ಗ್ಯಾಲರಿಯಲ್ಲಿ ಸಿಗೋದಿಲ್ಲ. ಅದಕ್ಕೆ ಬೀದಿಗೇ ಬರಬೇಕು.